ನಡುವಿನ ಹೆಸರು ಕೊಟ್ಟ ವಿಠೋಬಮಾಮ

ವಿಠೋಬಮಾಮನಿಗೆ ಒಂಟಿ ಹೆಸರು ಕಂಡರಾಗುತ್ತಿರಲಿಲ್ಲ. ಯಾರನ್ನೇ ಕರೆಯಲಿ, ಅವರ ಅಪ್ಪನ ಹೆಸರನ್ನೂ ಜೊತೆಗೆ ಎಳೆದು ತರುತ್ತಿದ್ದ. ಹಾಲು ಕೊಡುವವನು ಬರೀ ರಮೇಶನಲ್ಲ, ‘ರಮೇಶ ತಿಮ್ಮಪ್ಪ’. ಬೈತಖೋಲದ ಬಂದರಿನಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವುದು ಅವನ ಕೆಲಸ. ಬಂಗಡೆ ಬುಟ್ಟಿಗಳ ಸುತ್ತ ನೆರೆದ ವ್ಯಾಪಾರಿಗಳನ್ನೂ ಅಪ್ಪಂದಿರ ಸಮೇತ ಕೂಗುತ್ತಿದ್ದನಂತೆ. ಸತ್ತ ಅಪ್ಪಂದಿರೆಲ್ಲ ಬೆಳಗಾದರೆ ಬಂದರಿಗೆ ಬಂದು ಮೀನು ಕೊಂಡು ಹೋಗುತ್ತಾರೆ ಎಂದು ಜನ ನಗುತ್ತಿದ್ದರು.

ನಾನು ಅಂಕೋಲೆಯ ಹತ್ತಿರದ ಹಳ್ಳಿಯವಳು. ಕಾರವಾರದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಹಬ್ಬುವಾಡದಲ್ಲಿ ಮಾಮನ ಮನೆಗೆ ತಾಗಿದ್ದ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗುತ್ತೇನೆಂದು ನಂಬಿಸಿದವನು, ನಾನು ಬಸುರಿ ಎಂದು ಗೊತ್ತಾದದ್ದೇ ತಡ, ಊರು ಬಿಟ್ಟ. ಸುದ್ದಿ ಕೇಳಿ ಅಪ್ಪ ನನಗೆ ಮನೆಯ ಬಾಗಿಲು ಹಾಕಿದ. ಮಾಮ ಮಾತ್ರ ಮೊದಲಿನ ಹಾಗೆಯೇ, ‘ಶಾಂತಾ ಬೊಮ್ಮಯ್ಯ, ಗಂಜಿ ಉಂಡ್ಯಾ?’ ಎಂದು ಕೇಳುತ್ತಿದ್ದ.

‘ಆ ಬೊಮ್ಮಯ್ಯನ ನನ್ನ ಹೆಸ್ರಿಗೆ ಕಟ್ಬೇಡಿ ಮಾಮ’ ಎಂದು ಒಮ್ಮೆ ಸಿಡುಕಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ ಅದು.

‘ಅಂವ ನಿನ್ನ ಬಿಟ್ಟ ಅಂದ್ಕಂಡು ನೀ ಅವ್ನ ಬಿಡೂಕೆ ಆತದ್ಯಾ ತಂಗೀ?’ ಎಂದು ಮಾಮ ಬೀಡಿ ಹಚ್ಚಿದ. ನನಗೆ ಇನ್ನಷ್ಟು ಸಿಟ್ಟು ಬಂತು.

ಊರಿನ ಹೆಸರನ್ನೆಲ್ಲ ಬಾಯಲ್ಲಿಟ್ಟುಕೊಂಡವನ ಮನೆಯಲ್ಲಿ ಒಂದು ಹೆಸರು ಮಾತ್ರ ಕೇಳುತ್ತಿರಲಿಲ್ಲ. ನಾನು ಅಲ್ಲಿಗೆ ಬರುವುದಕ್ಕೆ ಎರಡು ವರ್ಷ ಮೊದಲು ಮಾಮ ಮಾಮಿಯ ಒಬ್ಬನೇ ಮಗ ಉದಯ ಕಾಮಾಲೆಯಿಂದ ತೀರಿಕೊಂಡಿದ್ದ. ಕಾಲೇಜಿಗೆ ಹೋಗುತ್ತಿದ್ದ ಹುಡುಗ. ಇದನ್ನೂ ನನಗೆ ಹೇಳಿದ್ದು ಪಕ್ಕದ ಮನೆಯವರು. ಮಾಮನಾಗಲಿ ಮಾಮಿಯಾಗಲಿ ಅವನ ವಿಷಯ ಎತ್ತುತ್ತಿರಲಿಲ್ಲ. ಮಾಮಿ ನನ್ನ ಮೇಲೆ ರೇಗುತ್ತಲೇ ನನಗೆ ಪಥ್ಯದ ಅಡಿಗೆ ಮಾಡಿ ಹಾಕುತ್ತಿದ್ದಳು.

ಗಂಡು ಮಗು ಹುಟ್ಟಿತು. ಸಂದೇಶ ಎಂದು ಇಡುವುದೆಂದು ನಾನು ಮೊದಲೇ ಆಸೆಪಟ್ಟಿದ್ದೆ. ಆದರೆ ನಮ್ಮ ಕಡೆ ಹೆಸರಿಗೆ ಮೂರು ಪಾಲು: ಮೊದಲು ತನ್ನದು, ನಡುವೆ ಅಪ್ಪನದು, ಕೊನೆಗೆ ಮನೆತನದ್ದು. ಕೊನೆಯದಕ್ಕೆ ತೊಂದರೆ ಇರಲಿಲ್ಲ. ನಾನೂ ನಾಯ್ಕ, ಮಾಮನೂ ನಾಯ್ಕ, ಅರ್ಧ ಕಾರವಾರವೇ ನಾಯ್ಕ. ನಡುವಿನದನ್ನು ಯಾರೂ ಹುಡುಕುವುದಿಲ್ಲ, ಅದು ಮಗುವಿನ ಜೊತೆಗೇ ಬರುತ್ತದೆ. ನನ್ನ ಮಗ ಅದಿಲ್ಲದೆ ಬಂದಿದ್ದ. ಓಡಿಹೋದವನ ಹೆಸರು ಇಡುವುದಕ್ಕಿಂತ ಮಗುವಿಗೆ ಹೆಸರೇ ಬೇಡ ಎಂದು ಹಟ ಹಿಡಿದೆ. ಯಾವುದಾದರೂ ದೇವರ ಹೆಸರು ಸೇರಿಸಿಬಿಡು ಎಂದು ಕೆಲವರು ಹೇಳಿದರು. ದೇವರು ಯಾಕೆ ಈ ಗಲಾಟೆಗೆ ಬರುತ್ತಾನೆ ಎಂದುಕೊಂಡೆ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದ ಹಾಗೆ ನನಗೆ ಅಳು ತಡೆಯಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾಮ ಬಂದರಿನಿಂದ ಬಂದವನು, ಕಾಲು ತೊಳೆದು ನನ್ನ ಕೋಣೆಯ ಮೆಟ್ಟಿಲ ಮೇಲೆ ಕುಳಿತ.

‘ನಡು ಮಧ್ಯೆ ಉದಯ ಅಂತ ಇಡು’ ಎಂದ.

ಒಳಗಿನಿಂದ ಮಾಮಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ‘ನಿಮ್ಗೆ ತಲೆ ಸಮ ಅದ್ಯಾ? ಮದ್ವೆ ಆಗ್ದೆ ಹೋದ ಹುಡ್ಗ. ನಾಳೆ ಜನ ವರ್ಷದ ಲೆಕ್ಕ ನೋಡ್ತರಾ? ಇದು ಅವ್ನದೇ ಪಾಪ ಅನ್ನೂದಿಲ್ಲಾ? ಸತ್ತ ಮೇಲೂ ಅವ್ನಿಗೆ ಕೆಟ್ಟ ಹೆಸ್ರು ತರೂಕೆ ಹೊಂಟ್ರಾ?’

‘ಅನ್ನಲಿ’ ಎಂದ ಮಾಮ. ‘ಹಾಂಗಾದ್ರೂ ಅವ್ನ ಹೆಸ್ರು ಯಾರಾದ್ರೂ ಬಾಯಲ್ಲಿ ತಕ್ಕಣ್ಲಿ. ಅಂವ ಇದ್ದಿದ್ರೆ ಅವ್ನ ಹೆಸ್ರು ಒಂದು ಕೂಸಿನ ನಡುವೆ ಬಂದು ಕೂತ್ಕಣ್ತಿತ್ತು. ಈಗ ಅದು ಎಲ್ಲಿಗೆ ಹೋಗಬೇಕು, ಹೇಳು?’

ಮಾಮಿ ಸೌಟು ಅಲ್ಲೇ ಬಿಟ್ಟು ಒಳಗೆ ಹೋದಳು. ಮಾಮಿ ಒಪ್ಪದೆ ನಾನು ಆ ಹೆಸರನ್ನು ಮುಟ್ಟುವುದಿಲ್ಲ ಎಂದೆ. ಮುಖವನ್ನೂ ನೋಡಿರದ ಹುಡುಗನ ಮರ್ಯಾದೆಯನ್ನು ನನ್ನ ಮಗನಿಗಾಗಿ ಬೇಡಿ ತರಲು ನನಗೆ ನಾಚಿಕೆಯಾಯಿತು. ಅಷ್ಟೇ ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾಮಿ ಆಮೇಲೆ ನನ್ನೊಡನೆ ಮಾತಾಡಲಿಲ್ಲ. ತೊಟ್ಟಿಲಿನ ದಿನ ನಾಲ್ಕು ಹೆಂಗಸರು ಸೇರಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನ್ನ ಮಗನಿಗೆ ಎಲ್ಲಿಯ ಸೋದರತ್ತೆ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಮಾಮಿ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ತೊಟ್ಟಿಲಿಗೆ ಬಾಗಿ ‘ಸಂದೇಶ’ ಎಂದಳು. ಬಹಳ ಹೊತ್ತು ಬಾಗಿಯೇ ಇದ್ದಳು. ಆಮೇಲೆ ಕಿವಿಯಲ್ಲಿ ಹೇಳುವುದನ್ನು ಮರೆತು, ಎಲ್ಲರಿಗೂ ಕೇಳುವ ಹಾಗೆ, ‘ಉದಯ’ ಎಂದಳು. ಮಾಮ ಹಿತ್ತಲಿಗೆ ಹೋಗಿ ಲಿಲಾವಿನ ದನಿಯಲ್ಲಿ ‘ಸಂದೇಶ ಉದಯಾ’ ಎಂದು ಕೂಗಿ ನೋಡಿದ. ‘ಚಲೋ ಕೂಡ್ತದೆ’ ಎನ್ನುತ್ತ ಒಳಗೆ ಬಂದವನ ಕಣ್ಣು ಕೆಂಪಾಗಿತ್ತು.

ಜನ ಅನ್ನುವುದನ್ನು ಅಂದರು. ಬಂದರಿನಲ್ಲಿ ಯಾರೋ ಕುಹಕದಿಂದ ‘ಮೊಮ್ಮಗನಾ?’ ಎಂದು ಕೇಳಿದರೆ, ‘ಹೌದು, ನಮ್ಮ ಉದಯಂದು’ ಎಂದು ಮಾಮ ಹಲ್ಲು ಕಿರಿದನಂತೆ. ಮಾಮಿಯಂತೂ ಮಗುವನ್ನು ಸೊಂಟದಿಂದ ಇಳಿಸಲಿಲ್ಲ. ಉದಯ ಮೀನಿನ ಮುಳ್ಳಿಗೆ ಹೆದರುತ್ತಿದ್ದುದು, ಉದಯ ಈಜು ಕಲಿತದ್ದು, ಎಲ್ಲ ಕಥೆ ಒಂದೊಂದಾಗಿ ಹೊರಗೆ ಬಂತು. ಆ ಮನೆಯಲ್ಲಿ ಕಳೆದಷ್ಟು ಒಳ್ಳೆಯ ದಿನಗಳನ್ನು ನಾನು ಮತ್ತೆ ಕಂಡಿಲ್ಲ.

ಸಂದೇಶ ಶಾಲೆಗೆ ಸೇರುವ ಹೊತ್ತಿಗೆ ನನಗೊಂದು ಸಂಬಂಧ ಬಂತು. ಅಂಕೋಲೆಯ ಮಾಧವ, ಹೆಂಡತಿ ತೀರಿಕೊಂಡವರು, ಬಸ್ಸಿನ ಮೆಕ್ಯಾನಿಕ್. ನನ್ನ ವಿಷಯ ಎಲ್ಲ ಗೊತ್ತಿದ್ದೂ ಕೇಳಿಕೊಂಡು ಬಂದಿದ್ದರು. ಒಂದೇ ಒಂದು ಮಾತು ಹೇಳಿದರು: ‘ನನ್ನ ಮಗ ಅಂತ ಸಾಕೂದಾದ್ರೆ ಅವ್ನ ಹೆಸ್ರಲ್ಲಿ ನಾನೇ ಇರ್ಬೇಕು.’ ಅದರಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಮಾಮ ಮಾಮಿಗೆ ಹೇಳಲು ಮಾತ್ರ ನನಗೆ ಎರಡು ದಿನ ಬೇಕಾಯಿತು.

‘ಎರಡು ಸಲ ಸಾಯ್ಸೂಕೆ ಹೆಸ್ರು ಕೊಟ್ಟದ್ದಾ ನಾವು?’ ಎಂದು ಮಾಮಿ ಅತ್ತಳು.

ಮಾಮ ಅವಳನ್ನು ಸುಮ್ಮನಿರಿಸಿದ. ‘ಬದ್ಕಿದ್ದವ್ನ ಹೆಸ್ರೇ ಇರ್ಲಿ. ಕೂಸಿಗೆ ಜರ ಬಂದ್ರೆ ನಮ್ಮ ಉದಯ ಬಂದು ಎತ್ಕಂಡು ಹೋತನಾ? ಹೋಗು ತಂಗೀ. ಬದ್ಲಾಯ್ಸು.’ ಅಷ್ಟು ಹೇಳಿ ಬಂದರಿಗೆ ಹೊರಟ. ಅವತ್ತು ಆಗಲೇ ಲಿಲಾವು ಮುಗಿದಿತ್ತು.

ನಾನು ಅಂಕೋಲೆಗೆ ಹೋದೆ. ವರ್ಷಕ್ಕೊಮ್ಮೆ ಹಬ್ಬುವಾಡಕ್ಕೆ ಬಂದಾಗ ಮಾಮ ಹುಡುಗನನ್ನು ‘ಸಂದೇಶ ಮಾಧವ’ ಎಂದೇ ಕರೆಯುತ್ತಿದ್ದ, ಒಮ್ಮೆಯೂ ತಪ್ಪಲಿಲ್ಲ. ಒಮ್ಮೆಯಾದರೂ ತಪ್ಪಬಾರದೇ ಎಂದು ನಾನು ಕಾಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಮಾಮ ಹೋದ. ಸುದ್ದಿ ತಡವಾಗಿ ಮುಟ್ಟಿತು. ಸಂದೇಶನನ್ನು ಕರೆದುಕೊಂಡು ಹೋದೆ. ಅವನು ಪಕ್ಕದ ಮನೆಯ ಹುಡುಗರ ಜೊತೆ ಅಂಗಳದಲ್ಲಿ ನಿಂತ, ನಾನು ಒಳಗೆ ಹೋಗಿ ಮಾಮಿಯ ಹತ್ತಿರ ಕುಳಿತೆ.

‘ಕಡೆಯ ದಿನ ಜರ ತಲೆಗೇರಿತ್ತು’ ಎಂದಳು ಮಾಮಿ. ‘ಉದಯನ ಮಗ ಬಂದ್ನಾ, ಉದಯನ ಮಗ ಬಂದ್ನಾ ಅಂತ ಅದೊಂದೇ ಕೇಳ್ತಿದ್ರು. ಬಂದ, ಅಂಗಳದಾಗೆ ಆಡ್ತಾ ಇದ್ದ ಅಂದೆ. ಆಮೇಲೆ ಕೇಳ್ಲಿಲ್ಲ.’

ನಾನು ಅವಳ ಕೈ ಹಿಡಿದು ಅತ್ತೆ. ಅವಳು ಅಳಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಅಂಗಳದ ಕಡೆಗೆ ‘ಸಂದೇಶಾ’ ಎಂದು ಕರೆದಳು. ಹುಡುಗ ತಿರುಗಿ ನೋಡಿದ. ಮುಂದಿನ ಹೆಸರಿಗೆ ಬಾಯಿ ತೆರೆದವಳು ಹಾಗೆಯೇ ನಿಂತಳು, ಆಮೇಲೆ ‘ಚಾ ಕುಡೂಕೆ ಬಾ’ ಎಂದಳು.