ಗೋತ್ರ ಹೇಳಮ್ಮ!

ಗೆಳತಿಯರೇ, ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಮಗಳ ಹುಟ್ಟುಹಬ್ಬ. ನಮ್ಮ ಯಜಮಾನರು ಚಿಂತಾಮಣಿಯಲ್ಲಿ ಆಂಜನೇಯನ ಗುಡಿಯ ಅರ್ಚಕರು. "ಶನಿವಾರ ರಶ್ಶು. ಭಾನುವಾರ ಊಟಕ್ಕೆ ಬಂದ್ಬಿಡ್ತೀನಿ ಕಣೇ" ಎಂದಿದ್ದರು. ಒಬ್ಬಟ್ಟು ಆರಿ ತಣ್ಣಗಾದರೂ ಸುಳಿವಿಲ್ಲ, ಫೋನೂ ಎತ್ತಲಿಲ್ಲ.

ಮಗಳನ್ನು ಎಳೆದುಕೊಂಡು ಹೋಗಿ ಅರ್ಚನೆಯ ಸಾಲಿನಲ್ಲೇ ನಿಂತೆ. ನಮ್ಮ ಸರದಿ ಬಂತು. ಇವರು ತಲೆ ಎತ್ತದೆ ತಟ್ಟೆಗೆ ಕೈ ಚಾಚಿ, "ಗೋತ್ರ, ನಕ್ಷತ್ರ ಹೇಳಮ್ಮ" ಎಂದರು.

"ಗೋತ್ರ ನಿಮ್ದೇ ಕಣ್ರೀ!" ಎಂದು ಕೂಗಿದೆ. ಸಾಲಿಗೆ ಸಾಲೇ ನಕ್ಕಿತು. ಮಗಳು ನಗಲಿಲ್ಲ.

"ಇರೇ, ಮೇಲೂರಿನವರ ಹೊಸ ಕಾರ್ ಪೂಜೆ ಒಂದಿದೆ, ಮುಗಿಸ್ಕೊಂಡ್ ಬಂದೆ" ಎಂದು ಎದ್ದೇ ಹೋದರು.

ಮುಂದಿನ ಹುಟ್ಟುಹಬ್ಬಕ್ಕೆ ಮಗಳ ಕೊರಳಿಗೆ ನಂಬರ್ ಪ್ಲೇಟ್ ಕಟ್ಟಿ ಗುಡಿ ಮುಂದೆ ನಿಲ್ಲಿಸುತ್ತೇನೆ.