ಎದುರಿನವರ ಮಾತು ಮೊದಲು

ನನ್ನ ತಮ್ಮನ ಮಗಳನ್ನು ಬೀದಿಯವರೆಲ್ಲ ಕರೆಯುವುದು ಯಾಕಮ್ಮ ಎಂದೇ. ಮಾತು ಬಂದಾಗಿನಿಂದ ಯಾಕೆ, ಯಾಕೆ ಎಂದು ಎಲ್ಲರ ಜೀವ ತಿಂದು ಸಂಪಾದಿಸಿದ ಹೆಸರು. ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದಳು. ಮೊಳೆ, ಬಣ್ಣ, ಬೀಗ ಮಾರುವ ನನ್ನ ತಮ್ಮನಿಗೆ ಅದು ನುಂಗಲಾರದ ತುತ್ತು.

"ಬೀಗ ಯಾಕೆ ಅಂತ ಕೇಳೋಳನ್ನ ಅಂಗಡೀಲಿ ಕೂರಿಸಿದ್ರೆ ಒಂದು ಬೀಗನಾದ್ರೂ ಮಾರಾಟ ಆಗುತ್ತಾ ಅಕ್ಕ?" ಎಂದು ಅವಳೆದುರೇ ನನಗೆ ಹೇಳುತ್ತಿದ್ದ.

ಜೊತೆಗೆ ಓದಿದವರಲ್ಲಿ ಒಬ್ಬಳು ಪಾಠ ಹೇಳಲು ಹೋದಳು, ಇನ್ನೊಬ್ಬ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗೆ ದಾರಿ ತೋರುವ ಕೆಲಸಕ್ಕೆ ಸೇರಿದ. ಇವಳು ನಗರಸಭೆಗೆ ಹೋದಳು. ಬೀದಿ ಜಗಳದವರನ್ನು ಎದುರುಬದುರು ಕೂರಿಸಿ ಮಾತಾಡಿಸುವುದು ಇವಳ ಕೆಲಸ. "ಮೊದಲ ಸಭೆ ಜಗಳದಲ್ಲಿ ಮುಗಿದ್ರೆ ಈ ಕೆಲಸಾನೇ ತೆಗೆದುಬಿಡ್ತೀನಿ" ಎಂದು ಅಧ್ಯಕ್ಷರು ಮೊದಲೇ ಹೇಳಿದ್ದರು.

ಆ ಮೊದಲ ಸಭೆ ನಮ್ಮ ಬೀದಿಯದೇ ಆಗಬೇಕೆ! ಶಾಲೆ ಬಿಡುವ ಹೊತ್ತಿಗೆ ಸರಕಿನ ಗಾಡಿ ತಗುಲಿ ಹೊಲಿಗೆಯವಳ ಮಗಳ ಕಾಲು ಮುರಿದಿತ್ತು. ಹೊಲಿಗೆಯವಳು ಬೀದಿಗೆ ಗಾಡಿಯೇ ಬೇಡ ಅನ್ನುತ್ತಾಳಂತೆ ಎಂಬ ಸುದ್ದಿ ಅಂಗಡಿಗಳಿಗೆ ಮುಟ್ಟಿತು. ಅಂಗಡಿಯವರ ಮುಂದಾಳು ನನ್ನ ತಮ್ಮ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಸಭೆಗೆಂದು ಶಾಲೆಯಲ್ಲಿ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತೆವು. ಅಧ್ಯಕ್ಷರು ಬಾಗಿಲಲ್ಲೇ ನಿಂತರು. ಯಾಕಮ್ಮ ಒಂದೇ ಕಟ್ಟಳೆ ಹಾಕಿದಳು: ಮೊದಲು ಎದುರಿನವರ ಮಾತನ್ನು ನೀವು ಹೇಳಿ. ಅವರು ಹೌದು ಎಂದ ಮೇಲೆ ನಿಮ್ಮದು.

"ಇದೇನು ಮಕ್ಕಳಾಟನಾ?" ಎಂದ ತಮ್ಮ.

"ಮಕ್ಕಳ ಬೆಂಚಲ್ಲೇ ಕೂತಿದ್ದೀರಲ್ಲಪ್ಪ, ಆಡಿ."

ಎಲ್ಲರೂ ನಕ್ಕರು. ತಮ್ಮ ಎದ್ದು, "ನಮ್ಮ ವ್ಯಾಪಾರ ಹಾಳಾಗ್ಲಿ ಅನ್ನೋದು ಇವಳ ಮಾತು" ಎಂದ.

"ಅಲ್ಲ" ಎಂದಳು ಹೊಲಿಗೆಯವಳು.

"ಗಾಡೀನೇ ಬರಬಾರ್ದು ಅಂತ."

"ಅದೂ ಅಲ್ಲ. ನಿಮ್ಮ ಅಂಗಡಿ ಬಾಗಿಲಲ್ಲೇ ನಿಂತು ಹೇಳಿದ್ನಲ್ಲ ಅಣ್ಣ."

ತಮ್ಮ ತನ್ನ ಮಗಳ ಮುಖ ನೋಡಿದ. ಅವಳು ಹೊಲಿಗೆಯವಳ ಕಡೆಗೇ ಕೈ ತೋರಿಸಿದಳು. ತಮ್ಮ ಉಗುರಿಗಂಟಿದ ಬಣ್ಣ ಕೆರೆದ. ಆಮೇಲೆ ಮೆಲ್ಲಗೆ, "ಶಾಲೆ ಗಂಟೆ ಹೊಡೆದ್ರೆ ಇವಳ ಎದೆ ಹೊಡ್ಕೊಳುತ್ತೆ. ಹೊಲಿಗೆ ಬಿಟ್ಟು ಓಡಿ ಬರ್ತಾಳೆ. ಆ ಹೊತ್ತಲ್ಲಿ ಮಾತ್ರ ಗಾಡಿ ಬೇಡ ಅಂದಿದ್ಲು... ನಾನು ಕೇಳಿಸ್ಕೊಳ್ಲಿಲ್ಲ" ಎಂದ.

"ಹೌದು. ಇದೇ."

ಈಗ ಹೊಲಿಗೆಯವಳ ಸರದಿ. "ಸರಕು ಬರ್ದಿದ್ರೆ ಗಿರಾಕಿ ಪಕ್ಕದ ಬೀದಿಗೆ ಹೋಗ್ತಾರೆ ಅಂತ ಅಣ್ಣನ ಚಿಂತೆ" ಎಂದಳು. ತಮ್ಮ ಹೌದೆಂದು ತಲೆಯಾಡಿಸಿದ. ಆಮೇಲೆ ಜಗಳಕ್ಕೆ ಉಳಿದದ್ದೇನು? ಶಾಲೆಯ ಹೊತ್ತಿಗೆ ಬೀದಿಗೆ ಅಡ್ಡ ಸರಪಳಿ, ಮಿಕ್ಕ ಹೊತ್ತು ಗಾಡಿ.

"ಸೋಮವಾರ ಬಾಮ್ಮ, ಸಂತೆಯೋರ ಜಗಳ ಇದೆ" ಎಂದರು ಅಧ್ಯಕ್ಷರು.

ತಮ್ಮ ಅಂಗಡಿಯಿಂದ ಸರಪಳಿ ತಂದ, ದೊಡ್ಡದೊಂದು ಬೀಗವನ್ನೂ ತಂದ.

"ನೋಡಿದ್ರಾ ಅಪ್ಪ, ಬೀಗ ಮಾರಾಟ ಆಯ್ತು."

"ಮಾರಾಟ ಎಲ್ಲಿ ಬಂತು ತಾಯಿ, ಪುಕ್ಕಟೆ ಕೊಟ್ಟಿದ್ದೀನಿ" ಎಂದ. "ಯಾಕೆ ಅಂತ ಮಾತ್ರ ಕೇಳ್ಬೇಡ."