ಆ ಸಿಸ್ಟರ್ ನಂಬರ್ ಕೊಡಿ ಎಂದಳು

ಬಂದ್ಯೋಡಿನಲ್ಲಿ ಬಸ್ ಇಳಿದು ಐದು ನಿಮಿಷ ನಡೆದರೆ ನಮ್ಮ ಮನೆ. ಎದುರಿನ ಕೋಣೆಯೇ ನನ್ನ ಆಫೀಸು. ಹತ್ತು ವರ್ಷಗಳಿಂದ ಅಲ್ಲಿ ಕುಳಿತು ಅಂಗಡಿಗಳಿಗೆ, ಕ್ಲಿನಿಕ್‌ಗಳಿಗೆ, ಮದುವೆ ಹಾಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಹೆಚ್ಚಿನ ಗಿರಾಕಿಗಳ ಮುಖ ನೋಡಿಲ್ಲ. ಮಾತೆಲ್ಲ ಫೋನಿನಲ್ಲಿ, ಚಿತ್ರಗಳೆಲ್ಲ ವಾಟ್ಸಾಪಿನಲ್ಲಿ.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬಳು ಹುಡುಗಿ ಫೋನ್ ಮಾಡಿದಳು. "ನರ್ಸ್‌ಗಳ ಆ ಸೈಟಿನ ವಿಷಯ ಮಾತಾಡ್ಲಿಕ್ಕುಂಟು ಮೇಡಂ" ಎಂದಳು. ಅಂಥದೇ ಹೊಸ ಸೈಟು ಮಾಡಿಸಲಿಕ್ಕಿರಬೇಕೆಂದು ಮನೆಗೇ ಕರೆದೆ. ಹೊಸಂಗಡಿಯಿಂದ ಬಸ್ಸಿನಲ್ಲಿ ಬಂದವಳು ಕುರ್ಚಿಯ ತುದಿಯಲ್ಲಿ ಕುಳಿತಳು. ಅಮ್ಮ ತಂದಿಟ್ಟ ಚಹಾ ಮುಟ್ಟಲಿಲ್ಲ.

ತನ್ನ ಫೋನಿನಲ್ಲಿ ಅವಳು ತೆರೆದು ತೋರಿಸಿದ್ದು ಆ ವರ್ಷವೇ ನಾನು ಮಾಡಿಕೊಟ್ಟಿದ್ದ ಸೈಟು. ಗಲ್ಫಿಗೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯದು. ಮಾಡಿಸಿದವನು ಮೆಲುದನಿಯ ಮನುಷ್ಯ, ಮಂಗಳೂರಿನಲ್ಲಿ ಆಫೀಸು ಉಂಟು ಎಂದಿದ್ದ.

"ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲ ಒರಿಜಿನಲ್ ಕೊಟ್ಟಿದ್ದೇನೆ" ಎಂದಳು. "ಈಗ ಅವರ ಫೋನ್ ಸ್ವಿಚ್ ಆಫ್. ಮಂಗಳೂರಿಗೆ ಹೋದೆ. ಸೈಟಿನಲ್ಲಿರುವ ಈ ಗಾಜಿನ ಬಿಲ್ಡಿಂಗಿನ ಫೋಟೋ ತೋರಿಸಿ ಎಷ್ಟು ಜನರ ಹತ್ರ ಕೇಳಿದೆ ಗೊತ್ತುಂಟಾ? ಯಾರಿಗೂ ಗೊತ್ತಿಲ್ಲ. ಮತ್ತೆ ನೋಡಿದರೆ ಪೇಜಿನ ಅಡಿಯಲ್ಲಿ ನಿಮ್ಮ ಹೆಸರು, ನಂಬರ್ ಇತ್ತು."

ಆ ಗಾಜಿನ ಕಟ್ಟಡ ಯಾವ ದೇಶದ್ದೋ ನನಗೇ ಗೊತ್ತಿಲ್ಲ. ಆಫೀಸಿನ ಫೋಟೋ ಕೇಳಿದಾಗ ಆತ, "ಒಳ್ಳೆಯದು ಒಂದು ನೀವೇ ಹಾಕಿ" ಎಂದಿದ್ದ. ಪುಕ್ಕಟೆ ಚಿತ್ರಗಳು ಸಿಗುವಲ್ಲಿಂದ ತೆಗೆದು ಹಾಕಿದ್ದೆ. ಎಲ್ಲರಿಗೂ ಹಾಗೆಯೇ ಮಾಡುತ್ತಿದ್ದೆ.

ಅವಳು ಬೆರಳಿನಿಂದ ಪುಟವನ್ನು ಕೆಳಗೆ ಸರಿಸಿದಳು. ಬಿಳಿ ಸಮವಸ್ತ್ರದಲ್ಲಿ ನಗುವ ನರ್ಸ್ ಒಬ್ಬಳ ಚಿತ್ರ, ಪಕ್ಕದಲ್ಲಿ ಎರಡು ಸಾಲು. ಅವಳು ಓದಿದಳು: "ಇಲ್ಲಿಗೆ ಬಂದ ಮೊದಲ ದಿನವೇ ಮನೆಯವರು ಸಿಕ್ಕ ಹಾಗಾಯಿತು. ಅಮ್ಮನಿಗೆ ಈಗ ನನ್ನ ಚಿಂತೆಯಿಲ್ಲ."

"ಅಮ್ಮ ಒಪ್ಪಿರಲಿಲ್ಲ ಮೇಡಂ. ಇದನ್ನು ಓದಿ ಹೇಳಿದ ಮೇಲೆಯೇ ಹೋಗು ಎಂದದ್ದು. ಈ ಸಿಸ್ಟರ್ ನಂಬರ್ ನಿಮ್ಮ ಹತ್ರ ಇರಬಹುದಲ್ಲ? ಕೊಡಿ. ಅವರು ಹೋದವರಲ್ಲವಾ, ಅವರಿಗೆ ಆಫೀಸು ಎಲ್ಲಿ ಅಂತ ಗೊತ್ತಿರ್ತದೆ."

ಅಂಥ ಸಿಸ್ಟರ್ ಯಾರೂ ಇರಲಿಲ್ಲ. ಆ ಮಾತು ನಾನು ಬರೆದದ್ದು. ಪುಟದಲ್ಲಿ ಒಂದು ಜಾಗ ಖಾಲಿಯಾಗಿ ಕಾಣುತ್ತಿತ್ತು, ಅದನ್ನು ತುಂಬಲು. ಬರೆಯಲು ಎರಡು ನಿಮಿಷವೂ ಹಿಡಿದಿರಲಿಲ್ಲ. ಅದರಲ್ಲಿ 'ಅಮ್ಮ' ಬಂದರೆ ಓದುವವರ ಮನಸ್ಸಿಗೆ ತಾಗುತ್ತದೆ ಎಂದು ಯೋಚಿಸಿ ಸೇರಿಸಿದ್ದೂ ನೆನಪಾಯಿತು.

ಹೇಳದೆ ಉಪಾಯವಿರಲಿಲ್ಲ. "ಅವರು ಇಲ್ಲ. ಅದನ್ನು ನಾನೇ ಬರೆದದ್ದು" ಎಂದೆ.

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. "ಎಂತ ಹೇಳ್ತಿದ್ದೀರಿ ನೀವು?" ಎಂದು ಒಮ್ಮೆ ಕೇಳಿ ಪರದೆಯನ್ನು ನೋಡುತ್ತಲೇ ಉಳಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಮ್ಮ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಈಗಲೂ ನನ್ನಿಂದಾಗದು.

ಏಜೆನ್ಸಿಯ ಆ ಮನುಷ್ಯನಿಗೆ ನಾನೂ ಫೋನ್ ಮಾಡಿದೆ. ಸ್ವಿಚ್ ಆಫ್. ಅವನ ಸಂದೇಶಗಳು, ವಾಯ್ಸ್ ಮೆಸೇಜುಗಳು, ಸೈಟಿನ ಕಡತಗಳು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಅವಳ ಜೊತೆ ಠಾಣೆಗೆ ಹೋದೆ. ಗಡಿನಾಡಿನ ನಮ್ಮ ಠಾಣೆಯ ಪೊಲೀಸರು ಮಲಯಾಳದಲ್ಲಿ ನನ್ನನ್ನು ಮೊದಲು ಕೇಳಿದ್ದು, ನೀವು ಈ ಕಂಪೆನಿಯವರಾ ಎಂದು. ಅಲ್ಲ ಎಂದೆ. ಹಾಗಾದರೆ ಇದರಲ್ಲಿ ನಿಮ್ಮ ಹೆಸರು ಯಾಕುಂಟು ಎಂದರು. ಸೈಟು ಮಾಡಿಕೊಟ್ಟದ್ದು ನಾನೇ ಎಂದೆ. ನಾಲ್ಕು ಗಂಟೆ ಕೂರಿಸಿ ನನ್ನ ಹೇಳಿಕೆ ಬರೆಸಿಕೊಂಡರು. ಎಲ್ಲದರ ಪ್ರತಿ ಅವರ ಕೈಸೇರಿದ ಮೇಲೆ, ಅವರನ್ನು ಕೇಳಿಯೇ, ಸೈಟನ್ನು ಜನರಿಗೆ ಕಾಣದಂತೆ ಮಾಡಿದೆ. ಅದರ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ: ಈ ಏಜೆನ್ಸಿಗೆ ದಾಖಲೆ ಕೊಡಬೇಡಿ, ಕೊಟ್ಟಿದ್ದರೆ ಪೊಲೀಸರಿಗೆ ತಿಳಿಸಿ. ಕೆಳಗೆ ನನ್ನ ನಂಬರ್ ಉಳಿಸಿದೆ.

ಒಂದೆರಡು ಕರೆ ಬರಬಹುದು ಎಂದುಕೊಂಡಿದ್ದೆ. ಮರುದಿನ ಊಟದ ಹೊತ್ತಿಗೆ ಆರು ಮಂದಿ ಕರೆ ಮಾಡಿದ್ದರು. ಅವರಲ್ಲಿ ಇಬ್ಬರು ಆ ನಗುವ ಸಿಸ್ಟರ್ ಬಗ್ಗೆಯೇ ಕೇಳಿದರು. ಒಬ್ಬಳಂತೂ, "ಅವರೂ ಈ ಮೋಸದಲ್ಲಿ ಸಿಕ್ಕಿಬಿದ್ದಿದ್ದಾರಾ, ಪಾಪ?" ಎಂದು ಮರುಗಿದಳು. ಮುಂದೆಯೂ ಹಾಗೆ ಕೇಳಿದ ಪ್ರತಿಯೊಬ್ಬಳಿಗೂ ನಾನು ಅದೇ ಮಾತನ್ನು ಹೇಳಬೇಕಾಯಿತು: ಅವರು ಇಲ್ಲ, ನಾನೇ ಬರೆದದ್ದು. ಹೇಳಿ ಹೇಳಿ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಸುಮಾರು ಎರಡು ತಿಂಗಳ ಮೇಲೆ ಬೇರೊಂದು ಪೇಟೆಯ ಲಾಡ್ಜಿನಲ್ಲಿ ಪಾಸ್‌ಪೋರ್ಟ್‌ಗಳ ಒಂದು ಚೀಲ ಪೊಲೀಸರಿಗೆ ಸಿಕ್ಕಿತು. ಹೊಸಂಗಡಿಯ ಹುಡುಗಿಯದೂ ಅದರಲ್ಲಿತ್ತು. ನರ್ಸಿಂಗ್ ಸರ್ಟಿಫಿಕೇಟ್ ಇರಲಿಲ್ಲ. ಅದರ ಇನ್ನೊಂದು ಪ್ರತಿಗಾಗಿ ಕಾಲೇಜಿಗೆ ಅಲೆಯುವಾಗ ಎರಡು ಸಲ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಮೆಲುದನಿಯ ಆ ಮನುಷ್ಯ ಇಂದಿನವರೆಗೂ ಸಿಕ್ಕಿಲ್ಲ.

ನಾನು ಮಾಡಿದ ಹಳೆಯ ಸೈಟುಗಳನ್ನು ಒಂದೊಂದಾಗಿ ತೆರೆದು ಇಲ್ಲದವರ ಮಾತುಗಳನ್ನೆಲ್ಲ ತೆಗೆದೆ. ಕೇಟರಿಂಗಿನವರೊಬ್ಬರು ಜಗಳಕ್ಕೇ ಬಂದರು. "ಎಲ್ಲರೂ ಹಾಕ್ತಾರೆ ಮಾರಾಯ್ತಿ, ನಿಮಗೆ ಮಾತ್ರ ಎಂತ ಆದದ್ದು?" ಎಂದರು. ಆದದ್ದನ್ನು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಬೇರೆಯವರ ಹತ್ತಿರ ಮಾಡಿಸಿಕೊಂಡರು.

ಹುಡುಗಿಗೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸವಾಯಿತು. ಸುದ್ದಿ ತಿಳಿಸಲು ಅವಳೇ ಫೋನ್ ಮಾಡಿದಳು, ಈ ಸಲ ಮೇಡಂ ಎನ್ನಲಿಲ್ಲ. "ನಿಮ್ಮ ಮೇಲೆ ಸಿಟ್ಟು ಪೂರ್ತಿ ಹೋಗ್ಲಿಲ್ಲ ಅಕ್ಕ" ಎಂದಳು.

"ಹೋಗಬೇಕು ಅಂತ ಇಲ್ಲ" ಎಂದೆ.

"ವಾರ್ಡಲ್ಲಿ ಬೆಲ್ ಆಗ್ತಾ ಉಂಟು, ಇಡ್ತೇನೆ" ಎಂದು ಇಟ್ಟಳು.